ಎದೆಯ ಮೇಲೊಂದು ಕಪ್ಪು ಬಿಲ್ಲೆ: ಯುವ ಮಾರ್ಮನ್ ಮಿಷನರಿಗಳ ದಿನಚರಿ

ಮಿಷನರಿ ಎಂದ ಕೂಡಲೇ ಕನ್ನಡ ಓದುಗರಿಗೆ ನೆನಪಾಗುವವರು ಬಾಸೆಲ್ ಮಿಷನ್ನಿನ ಹಿರಿಯರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಇಲ್ಲಿಗೆ ಬಂದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ ಇಂಥವರೆಲ್ಲ ಬದುಕಿನ ದೊಡ್ಡ ಪಾಲನ್ನು ಈ ಕೆಲಸಕ್ಕೆ ತೆತ್ತವರು. ಇಂದು ತೈಪೆಯ ಸಿಗ್ನಲ್ಲಿನಲ್ಲೋ ಅಕ್ರಾದ ಬಸ್ ನಿಲ್ದಾಣದಲ್ಲೋ ಲಿಮಾದ ಓಣಿಯಲ್ಲೋ ಎದುರಾಗುವ ಮಿಷನರಿ ಬೇರೆ ಬಗೆಯವನು. ವಯಸ್ಸು ಹದಿನೆಂಟು, ಹೆಚ್ಚೆಂದರೆ ಇಪ್ಪತ್ತೈದು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಪಕ್ಕದಲ್ಲಿ ಅದೇ ಉಡುಪಿನ ಇನ್ನೊಬ್ಬ. ಸಂಬಳವಿಲ್ಲ. ಎರಡು ವರ್ಷ ಮುಗಿದ ಮೇಲೆ ಊರಿಗೆ ಮರಳಿ ಕಾಲೇಜು ಸೇರುತ್ತಾನೆ.

ಮಾರ್ಮನ್ನರೆಂದು ಲೋಕಕ್ಕೆ ಪರಿಚಿತವಾದ ಸಭೆಯ ಸ್ವಯಂಸೇವಕರು ಇವರು. ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಸಾವಿರಾರು ಮೈಲಿ ದೂರದ ಊರಿಗೆ ಕಳಿಸಿ, ಗೊತ್ತಿಲ್ಲದ ಭಾಷೆಯಲ್ಲಿ ಗೊತ್ತಿಲ್ಲದವರ ಬಾಗಿಲ ಮುಂದೆ ನಿಲ್ಲಿಸುವ ಈ ಪದ್ಧತಿ ಬರೀ ನಂಬಿಕೆಯ ಬಲದಿಂದ ನಡೆಯುವಂಥದ್ದಲ್ಲ. ಗಂಟೆ ಗಂಟೆಗೂ ಹಾಕಿಟ್ಟ ದಿನಚರಿಯೇ ಅದರ ಬೆನ್ನೆಲುಬು. ಆ ದಿನಚರಿಯನ್ನು ಬಿಡಿಸಿ ನೋಡಿದರೆ ಅದರ ಶಕ್ತಿಯೂ ಕಾಣುತ್ತದೆ, ಅದು ಎಳೆಯರ ಮೇಲೆ ಹೊರಿಸುವ ಭಾರವೂ ಕಾಣುತ್ತದೆ.

ಸಭೆಯ ಹಿನ್ನೆಲೆ

ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದರು. ಪೂರ್ತಿ ಹೆಸರು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಬೈಬಲಿನ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥವನ್ನೂ ಪವಿತ್ರವೆಂದು ನಂಬುವುದರಿಂದ ‘ಮಾರ್ಮನ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅದನ್ನು ಬಿಟ್ಟು ಪೂರ್ತಿ ಹೆಸರನ್ನೇ ಬಳಸಬೇಕೆಂದು ಸಭೆ 2018ರಿಂದ ಒತ್ತಿ ಹೇಳುತ್ತಿದೆ. ತ್ರಿಯೇಕತ್ವದ ವಿಷಯದಲ್ಲಿ ಇವರ ಬೋಧನೆ ಬೇರೆಯಾದ್ದರಿಂದ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಸಭೆಗಳಲ್ಲಿ ಹಲವು ಇವರನ್ನು ತಮ್ಮ ಸಾಲಿನಲ್ಲಿ ಸೇರಿಸುವುದಿಲ್ಲ. ತಾವು ಕ್ರೈಸ್ತರೇ ಎಂಬುದರಲ್ಲಿ ಇವರಿಗೆ ಅನುಮಾನವಿಲ್ಲ.

ಸಭೆ ಶುರುವಾದ ವರ್ಷವೇ ಸ್ಮಿತ್ ಅವರ ತಮ್ಮ ಸ್ಯಾಮುಯೆಲ್ ಪುಸ್ತಕಗಳನ್ನು ಹೊತ್ತು ಊರೂರು ಅಲೆದರು. 1837ರಲ್ಲಿ ಮೊದಲ ತಂಡ ಕಡಲು ದಾಟಿ ಇಂಗ್ಲೆಂಡಿಗೆ ಹೋಯಿತು. ಸಂಸಾರಸ್ಥರು ಹೆಂಡತಿ ಮಕ್ಕಳನ್ನು ಬಿಟ್ಟು ಹೊರಡುತ್ತಿದ್ದ ಕಾಲ ಅದು. ಮದುವೆಯಾಗದ ಯುವಕರನ್ನು ಕಳಿಸುವ ರೂಢಿ ಬೆಳೆದದ್ದು ಆಮೇಲೆ. ಈಗ ಹುಡುಗರಿಗೆ ಇಪ್ಪತ್ತನಾಲ್ಕು ತಿಂಗಳು, ಹುಡುಗಿಯರಿಗೆ ಹದಿನೆಂಟು ತಿಂಗಳು. ಹುಡುಗರಿಗೆ ಇದು ಕರ್ತವ್ಯವೆಂದೇ ಹೇಳಲಾಗುತ್ತದೆ, ಹುಡುಗಿಯರಿಗೆ ಅವರ ಇಷ್ಟಕ್ಕೆ ಬಿಟ್ಟದ್ದು. 2012ರ ಅಕ್ಟೋಬರಿನಲ್ಲಿ ಆಗಿನ ಅಧ್ಯಕ್ಷ ಥಾಮಸ್ ಮಾನ್ಸನ್ ಹೊರಡುವ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೂ ಹುಡುಗಿಯರಿಗೆ 21ರಿಂದ 19ಕ್ಕೂ ಇಳಿಸಿದರು. ಅಲ್ಲಿಯವರೆಗೆ ಅರವತ್ತು ಸಾವಿರದೊಳಗಿದ್ದ ಮಿಷನರಿಗಳ ಸಂಖ್ಯೆ ಎರಡೇ ವರ್ಷದಲ್ಲಿ ಎಂಬತ್ತು ಸಾವಿರ ದಾಟಿತು. ಹುಡುಗಿಯರು ಅರ್ಜಿ ಹಾಕಿದ್ದು ಎಲ್ಲರ ಅಂದಾಜನ್ನೂ ಮೀರಿ. ಆ ಏರು ಇಳಿದ ಮೇಲೂ 2024ರ ಕೊನೆಯಲ್ಲಿ ಸುಮಾರು 74 ಸಾವಿರ ಮಂದಿ ಈ ಕೆಲಸದಲ್ಲಿದ್ದರು.

ಊರು ಗೊತ್ತಾಗುವ ಗಳಿಗೆ

ಎಲ್ಲಿಗೆ ಹೋಗುವುದೆಂದು ಹುಡುಗ ಕೇಳಿಕೊಳ್ಳುವಂತಿಲ್ಲ. ಊರಿನ ಸಭೆಯ ಮುಖ್ಯಸ್ಥರಾದ ಬಿಷಪ್ ಸಂದರ್ಶನ ಮಾಡುತ್ತಾರೆ. ವೈದ್ಯರೂ ದಂತವೈದ್ಯರೂ ತಪಾಸಣೆಯ ಕಾಗದಕ್ಕೆ ಸಹಿ ಹಾಕುತ್ತಾರೆ. ಅರ್ಜಿ ಸಾಲ್ಟ್ ಲೇಕ್ ಸಿಟಿಯ ಕೇಂದ್ರ ಕಚೇರಿಗೆ ಹೋಗುತ್ತದೆ. ಅಲ್ಲಿ ಅಪೊಸ್ತಲರೆಂದು ಕರೆಸಿಕೊಳ್ಳುವ ಹನ್ನೆರಡು ಹಿರಿಯರಲ್ಲಿ ಒಬ್ಬರು ಪ್ರತಿ ಅರ್ಜಿಯನ್ನೂ ಫೋಟೊ ಸಮೇತ ನೋಡಿ, ಪ್ರಾರ್ಥಿಸಿ, ಸ್ಥಳ ನಿಗದಿ ಮಾಡುತ್ತಾರೆ. ಜಗತ್ತಿನಾದ್ಯಂತ ಹಂಚಿಕೊಂಡಿರುವ ನೂರಾರು ಮಿಷನ್‌ಗಳಲ್ಲಿ ಯಾವುದಾದರೂ ಒಂದು.

ಕೆಲವು ವರ್ಷಗಳ ಹಿಂದಿನವರೆಗೆ ಈ ಕರೆ ದೊಡ್ಡ ಬಿಳಿ ಲಕೋಟೆಯಲ್ಲಿ ಅಂಚೆಯಲ್ಲಿ ಬರುತ್ತಿತ್ತು. ಈಗ ಇಂಟರ್‌ನೆಟ್ಟಿನಲ್ಲಿ ತೆರೆಯಬೇಕು. ತೆರೆಯುವ ಸಂಪ್ರದಾಯ ಮಾತ್ರ ಬದಲಾಗಿಲ್ಲ. ಅಜ್ಜ ಅಜ್ಜಿ, ಚಿಕ್ಕಪ್ಪಂದಿರು, ಗೆಳೆಯರು ಎಲ್ಲ ಸೇರಿದ ಮೇಲೆ ಹುಡುಗ ಗಟ್ಟಿಯಾಗಿ ಓದುತ್ತಾನೆ. ಗೋಡೆಯ ಭೂಪಟದಲ್ಲಿ ಒಬ್ಬೊಬ್ಬರೂ ತಮ್ಮ ಊಹೆಯ ಊರಿಗೆ ಮೊದಲೇ ಪಿನ್ನು ಚುಚ್ಚಿಟ್ಟಿರುತ್ತಾರೆ. ಪಕ್ಕದ ರಾಜ್ಯ ಬಂದರೂ ಸರಿ, ಮಡಗಾಸ್ಕರ್ ಬಂದರೂ ಸರಿ, ಅದೇ ದೇವರ ಇಚ್ಛೆಯೆಂದು ಮನೆಮಂದಿ ಸ್ವೀಕರಿಸುತ್ತಾರೆ. ಹೊರಟ ದಿನದಿಂದ ಅವನಿಗೆ ಮೊದಲ ಹೆಸರಿಲ್ಲ. ಮನೆತನದ ಹೆಸರಿನ ಹಿಂದೆ ‘ಎಲ್ಡರ್’. ಹುಡುಗಿಯಾದರೆ ‘ಸಿಸ್ಟರ್’. ಒಂದೇ ಕೋಣೆಯಲ್ಲಿ ಮಲಗುವ ಜೊತೆಗಾರನೂ ಅವನನ್ನು ಹಾಗೆಯೇ ಕರೆಯಬೇಕು.

ಪ್ರೊವೊದ ಭಾಷಾಶಾಲೆ

ಯೂಟಾ ರಾಜ್ಯದ ಪ್ರೊವೊ ಪಟ್ಟಣದಲ್ಲಿ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಗ್ಗುಲಲ್ಲೇ, ಮಿಷನರಿ ತರಬೇತಿ ಕೇಂದ್ರವಿದೆ. ಇಂಥ ಕೇಂದ್ರಗಳು ಮನಿಲಾ, ಅಕ್ರಾ, ಸಾವೊ ಪಾಲೊ, ಮೆಕ್ಸಿಕೊ ಸಿಟಿ ಮೊದಲಾದ ಕಡೆಯೂ ಇವೆ, ದೊಡ್ಡದು ಪ್ರೊವೊದ್ದು. ಐವತ್ತಕ್ಕೂ ಹೆಚ್ಚು ಭಾಷೆಗಳನ್ನು ಅಲ್ಲಿ ಕಲಿಸುತ್ತಾರೆ. ಗೊತ್ತಿರುವ ಭಾಷೆಯ ನಾಡಿಗೆ ಹೋಗುವವರಿಗೆ ಎರಡು ಮೂರು ವಾರ ಸಾಕು. ಸ್ಪ್ಯಾನಿಷಿಗೆ ಆರು ವಾರ. ಚೀನೀ, ಜಪಾನಿ, ಕೊರಿಯನ್ ಭಾಷೆಗಳಿಗೆ ಒಂಬತ್ತು ವಾರ. ಕೋವಿಡ್ ನಂತರ ಮೊದಲ ಒಂದಿಷ್ಟು ದಿನದ ಪಾಠ ಮನೆಯಿಂದಲೇ ಆನ್‌ಲೈನಿನಲ್ಲಿ ನಡೆಯುತ್ತದೆ.

ಒಂಬತ್ತು ವಾರದಲ್ಲಿ ಚೀನೀ ಬರುವುದುಂಟೇ ಎಂದು ಯಾರಾದರೂ ಕೇಳಿಯಾರು. ಬರುವುದಿಲ್ಲ. ಆದರೆ ಬಾಯಿ ತೆರೆಯುವ ಅಂಜಿಕೆ ಹೋಗುತ್ತದೆ, ಈ ಶಾಲೆಯ ಗುರಿಯೂ ಅದೇ. ಪಾಠ ಹೇಳುವವರು ಹೆಚ್ಚಾಗಿ ಆ ನಾಡಿನಲ್ಲಿ ಎರಡು ವರ್ಷ ಕಳೆದು ಬಂದ ವಿದ್ಯಾರ್ಥಿಗಳು. ಮೊದಲ ದಿನವೇ ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಮಾತಾಡತೊಡಗುತ್ತಾರೆ. ವ್ಯಾಕರಣಕ್ಕೆ ಮುಂಚೆ ಪ್ರಾರ್ಥನೆ ಮಾಡುವುದನ್ನು ಕಲಿಸುತ್ತಾರೆ. ಮೊದಲ ವಾರದಲ್ಲೇ ಶಿಕ್ಷಕ ಅಪರಿಚಿತ ಗೃಹಸ್ಥನ ವೇಷ ತೊಟ್ಟು ಕೂರುತ್ತಾನೆ. ಇಬ್ಬರು ಹುಡುಗರು ಕಂಠಪಾಠ ಮಾಡಿದ ಏಳೆಂಟು ವಾಕ್ಯ ಹಿಡಿದು ಅವನಿಗೆ ಸುವಾರ್ತೆ ಹೇಳಬೇಕು. ಅವನು ಎದುರು ಪ್ರಶ್ನೆ ಕೇಳಿದರೆ ಇವರ ಬಳಿ ಉತ್ತರವಿರುವುದಿಲ್ಲ. ಮರುದಿನ ಆ ಉತ್ತರ ಕಲಿತು ಹೋಗುತ್ತಾರೆ. ಭಾಷಾಶಿಕ್ಷಣದಲ್ಲಿ ಆಸಕ್ತಿ ಇರುವ ಯಾರಿಗಾದರೂ ಈ ಕ್ರಮ ಗಮನಿಸತಕ್ಕದ್ದು. ಕಲಿತಷ್ಟನ್ನು ಅಂದೇ ಎದುರಿನ ಮನುಷ್ಯನ ಮೇಲೆ ಬಳಸಲೇಬೇಕಾದ ಒತ್ತಡದಲ್ಲಿ ಭಾಷೆ ಬೇಗ ಮೈಗೂಡುತ್ತದೆ.

ತೈವಾನಿನಲ್ಲಿ ಒಂದು ದಿನ

ದಿನಚರಿಯ ಚೌಕಟ್ಟು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಅದು ನೆಲಕ್ಕಿಳಿಯುವ ಬಗೆಯನ್ನು ತೈವಾನಿನಲ್ಲಿ ನೋಡೋಣ. 1956ರ ಜೂನಿನಲ್ಲಿ ನಾಲ್ವರು ಹುಡುಗರು ಅಲ್ಲಿಗೆ ಬಂದಿಳಿದಂದಿನಿಂದ ಇವರು ಅಲ್ಲಿದ್ದಾರೆ. 1984ರಲ್ಲಿ ತೈಪೆಯಲ್ಲಿ ಸಭೆಯ ದೇವಾಲಯವೂ ಆಯಿತು. ಹೆಲ್ಮೆಟ್ ತೊಟ್ಟು ಸೈಕಲ್ ತುಳಿಯುವ ಬಿಳಿ ಅಂಗಿಯ ವಿದೇಶಿ ಹುಡುಗರು ಅಲ್ಲಿನ ಬೀದಿಗಳಿಗೆ ಹೊಸಬರಲ್ಲ.

ಆರೂವರೆಗೆ ಅಲಾರಂ. ಮೊಣಕಾಲೂರಿ ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಕೆಳಗಿನ ಅಂಗಡಿಯಿಂದ ತಂದ ಸೋಯಾ ಹಾಲು, ಮೊಟ್ಟೆ ಸೇರಿಸಿ ಸುತ್ತಿದ ದೋಸೆಯಂಥ ದಾನ್‌ಬಿಂಗ್. ಎಂಟು ಗಂಟೆಯಿಂದ ಓದು. ಮೊದಲು ಒಬ್ಬೊಬ್ಬರೇ ಧರ್ಮಗ್ರಂಥ ಓದುತ್ತಾರೆ, ಆಮೇಲೆ ಇಬ್ಬರೂ ಕೂಡಿ ಅಂದು ಭೇಟಿಯಾಗಲಿರುವವರಿಗೆ ಏನು ಹೇಳಬೇಕೆಂದು ತಯಾರಿ. ಆಧಾರ ‘ಪ್ರೀಚ್ ಮೈ ಗಾಸ್ಪೆಲ್’ ಎಂಬ ಕೈಪಿಡಿ. 2004ರಲ್ಲಿ ಅದು ಬರುವವರೆಗೆ ಪಾಠಗಳನ್ನು ಅಕ್ಷರಶಃ ಬಾಯಿಪಾಠ ಒಪ್ಪಿಸುವ ಕಾಲವೂ ಇತ್ತು. ಈಗ ಎದುರಿಗಿರುವವರ ಪ್ರಶ್ನೆ ನೋಡಿಕೊಂಡು ತಮ್ಮ ಮಾತಿನಲ್ಲೇ ಹೇಳಬೇಕು. ಕೊನೆಗೆ ಭಾಷಾಭ್ಯಾಸ. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಪಲ್ಲಟ. ‘ನಿಮ್ಮನ್ನೊಂದು ಮಾತು ಕೇಳಬೇಕು’ ಎಂದು ಹೇಳಹೊರಟು ‘ವೆನ್’ ಎಂಬಲ್ಲಿ ದನಿಯನ್ನು ಕೆಳಗಿಳಿಸುವ ಬದಲು ಬಾಗಿಸಿದರೆ ‘ನಿಮಗೆ ಮುತ್ತು ಕೊಡಬೇಕು’ ಎಂದಾಗುತ್ತದೆ. ಹೊಸಬರು ಈ ವಾಕ್ಯವನ್ನು ಹೊರಡುವ ಮುಂಚೆ ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡುತ್ತಾರೆ.

ಹತ್ತರ ಸುಮಾರಿಗೆ ಸೈಕಲ್ ಹೊರಬೀಳುತ್ತದೆ. ತೈವಾನಿನ ರಸ್ತೆ ಎಂದರೆ ಸ್ಕೂಟರುಗಳ ರಾಜ್ಯ. ಕೆಂಪು ದೀಪ ಬಿದ್ದೊಡನೆ ಹತ್ತಿಪ್ಪತ್ತು ಸ್ಕೂಟರು ಸಾಲಾಗಿ ನಿಲ್ಲುತ್ತವೆ. ಹುಡುಗರು ಅವುಗಳ ಪಕ್ಕಕ್ಕೆ ಸೈಕಲ್ ತಂದು ಹತ್ತಿರದವರಿಗೆ ನಮಸ್ಕಾರ ಹೇಳುತ್ತಾರೆ. ಹಸಿರು ದೀಪ ಬರಲು ಇರುವುದು ಒಂದು ನಿಮಿಷವೋ ಒಂದೂವರೆಯೋ. ಅಷ್ಟರೊಳಗೆ ಹೆಸರು, ತಾವು ಯಾರು, ಏಕೆ ಬಂದಿದ್ದೇವೆ, ಒಂದು ಚೀಟಿ. ಮುಖದ ಮಾಸ್ಕಿನ ಹಿಂದಿನಿಂದ ‘ಅಮೆರಿಕದವರಾ? ಚೀನೀ ಚೆನ್ನಾಗಿ ಮಾತಾಡುತ್ತೀರಲ್ಲ!’ ಎಂಬ ಮೆಚ್ಚುಗೆ ಸಿಗುತ್ತದೆ. ದೀಪ ಬದಲಾಗುತ್ತದೆ, ಸ್ಕೂಟರು ಹೋಗುತ್ತದೆ. ಇವರು ಮುಂದಿನ ಸಿಗ್ನಲ್ಲಿಗೆ ತುಳಿಯುತ್ತಾರೆ. ಹೀಗೆ ಸಿಕ್ಕ ಬಹುತೇಕರು ಮತ್ತೆ ಸಿಗುವುದಿಲ್ಲ. ಬಾಗಿಲು ತಟ್ಟಿದಾಗಲೂ ಅಷ್ಟೇ: ಬೇಡವೆಂದು ನಗುತ್ತ ಹೇಳುವವರು, ಒಳಗಿದ್ದೂ ತೆರೆಯದವರು, ಅಪರೂಪಕ್ಕೆ ಒಳಗೆ ಕರೆದು ಹಣ್ಣು ಹೆಚ್ಚಿ ಕೊಡುವ ಅಜ್ಜಿ. ದಿನವಿಡೀ ‘ಬೇಡ’ ಎನಿಸಿಕೊಂಡು ಮರುದಿನ ಅದೇ ಅಂಗಿ ಇಸ್ತ್ರಿ ಮಾಡಿ ಹೊರಡುವುದು ಹತ್ತೊಂಬತ್ತರ ಹುಡುಗನಿಗೆ ಸಣ್ಣ ಪರೀಕ್ಷೆಯಲ್ಲ. ಈಗೀಗ ಬಾಗಿಲು ತಟ್ಟುವುದು ಕಡಿಮೆಯಾಗಿ ಫೇಸ್‌ಬುಕ್ ಮತ್ತು ಪರಿಚಿತರ ಮೂಲಕ ಜನರನ್ನು ತಲುಪುವುದು ಹೆಚ್ಚಾಗಿದೆ. ಕೈಯಲ್ಲಿ ಸಭೆಯೇ ಕೊಟ್ಟ ಸ್ಮಾರ್ಟ್‌ಫೋನ್. ಯಾರನ್ನು ಕಂಡರು, ಏನು ಮಾತಾಯಿತು ಎಲ್ಲ ಅದರಲ್ಲೇ ದಾಖಲು.

ಮಧ್ಯಾಹ್ನ ಅನ್ನ, ಕರಿದ ಕೋಳಿ, ಬಾಡಿಸಿದ ಸೊಪ್ಪು ತುಂಬಿದ ಬುತ್ತಿ ಪೊಟ್ಟಣ. ಸಂಜೆಯ ಹೊತ್ತು ಮುಖ್ಯ, ಜನ ಮನೆಗೆ ಮರಳುವ ಹೊತ್ತು ಅದು. ವಾರಕ್ಕೊಂದು ಸಂಜೆ ಪ್ರಾರ್ಥನಾ ಮಂದಿರದಲ್ಲಿ ಉಚಿತ ಇಂಗ್ಲಿಷ್ ತರಗತಿ. ಅದಕ್ಕೆ ಶಾಲೆಯ ಮಕ್ಕಳೂ ನಿವೃತ್ತರೂ ಬರುತ್ತಾರೆ. ಧರ್ಮದ ಮಾತು ಕೇಳಲು ಮನಸ್ಸಿಲ್ಲದವರೂ ಈ ಹುಡುಗರನ್ನು ಹೆಸರು ಹಿಡಿದು ಗುರುತಿಸುವುದು ಈ ತರಗತಿಯ ದೆಸೆಯಿಂದ. ಒಂಬತ್ತರ ಹೊತ್ತಿಗೆ ಮನೆ. ಹತ್ತೂವರೆಗೆ ದೀಪ ಆರಬೇಕು. 2017ರ ಆರಂಭದಲ್ಲಿ ಈ ವೇಳಾಪಟ್ಟಿಯನ್ನು ಒಂದಿಷ್ಟು ಸಡಿಲಿಸಿ, ಆಯಾ ಊರಿನ ರೀತಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಬಿಟ್ಟಿದ್ದಾರೆ. ವಾರವಾರ ಒಪ್ಪಿಸಬೇಕಿದ್ದ ಲೆಕ್ಕದ ಬಾಬತ್ತುಗಳನ್ನೂ ಒಂಬತ್ತರಿಂದ ನಾಲ್ಕಕ್ಕೆ ಇಳಿಸಿದರು. ಒಳ್ಳೆಯ ಕೆಲಸ. ಮನುಷ್ಯರ ಮನಸ್ಸಿನೊಂದಿಗೆ ವ್ಯವಹರಿಸುವವರು ಅಂಕಿಗಳ ಹಿಂದೆ ಬಿದ್ದರೆ ಎರಡೂ ಕಡೆ ನಷ್ಟ.

ಹಿರಿಯರ ಪೀಠದ ಮುಂದೆ

ತೈವಾನಿನ ಅನೇಕ ಮನೆಗಳ ಹಜಾರದಲ್ಲಿ ಪೂರ್ವಿಕರ ಪೀಠವಿರುತ್ತದೆ. ಹೆಸರು ಕೆತ್ತಿದ ಮರದ ಹಲಗೆ, ಊದುಬತ್ತಿ, ಹಣ್ಣು. ಮಗನೋ ಮಗಳೋ ದೀಕ್ಷಾಸ್ನಾನ ಪಡೆಯುತ್ತೇನೆಂದರೆ ಹೆತ್ತವರ ಮೊದಲ ಪ್ರಶ್ನೆ ‘ನಾವು ಸತ್ತ ಮೇಲೆ ನಮಗೆ ಊದುಬತ್ತಿ ಹಚ್ಚುವವರು ಯಾರು?’ ಎಂಬುದು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯವರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಭೆಯಲ್ಲೂ ಪೂರ್ವಿಕರಿಗೆ ದೊಡ್ಡ ಸ್ಥಾನವಿದೆ. ವಂಶಾವಳಿ ಹುಡುಕಿ, ತೀರಿಹೋದವರ ಪರವಾಗಿ ದೇವಾಲಯದಲ್ಲಿ ಸಂಸ್ಕಾರ ಮಾಡಿಸುವುದು ಅವರ ಆಚಾರ. ವಂಶಾವಳಿಯ ಈ ಶ್ರದ್ಧೆಯನ್ನೇ ಸೇತುವೆಯಾಗಿಸಿ ಮಿಷನರಿಗಳು ತೈವಾನಿನವರೊಡನೆ ಮಾತಾಡುತ್ತಾರೆ. ಕೆಲವರಿಗೆ ಅದು ಸಮಾಧಾನ ಕೊಡುತ್ತದೆ. ಕೆಲವು ಮನೆಗಳಲ್ಲಿ ಒಡಕು ಒಡಕಾಗಿಯೇ ಉಳಿಯುತ್ತದೆ. ಯೂಟಾದ ಹುಡುಗನಿಗೆ ಆ ಪೀಠ ಮೊದಲ ದಿನ ಬರೀ ಅಲಂಕಾರವಾಗಿ ಕಂಡೀತು. ಅದರ ಮುಂದೆ ಕೂತು ಉಪದೇಶ ಹೇಳುವ ಮುಂಚೆ ಆ ಮನೆಯ ಯಜಮಾನಿಗೆ ಅದು ಏನೆಂದು ತಿಳಿದುಕೊಳ್ಳುವುದು ಅವನ ಮೇಲಿರುವ ಋಣ. ಒಳ್ಳೆಯ ಮಿಷನರಿ ಅದನ್ನು ತೀರಿಸುತ್ತಾನೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅವನ ಪ್ರಶ್ನೆಗಳು ಹೆಚ್ಚುತ್ತವೆ, ಉಪದೇಶ ಕಡಿಮೆಯಾಗುತ್ತದೆ.

ಜೊತೆಗಾರ

ಎಲ್ಲ ನಿಯಮಗಳಲ್ಲಿ ಬಿಗಿಯಾದದ್ದು ಇದು: ಜೊತೆಗಾರನನ್ನು ಬಿಟ್ಟು ಹೋಗುವಂತಿಲ್ಲ. ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಸದಾ ಇರಬೇಕು. ಸ್ನಾನ ಶೌಚಗಳನ್ನು ಬಿಟ್ಟರೆ ಏಕಾಂತವೆಂಬುದಿಲ್ಲ. ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಮಿಷನ್ ಅಧ್ಯಕ್ಷರು ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಹೊರಡಿಸುತ್ತಾರೆ. ಒಂದು ಜೋಡಿ ಎರಡು ಮೂರು ಅವಧಿ ಒಟ್ಟಿಗಿರುವುದುಂಟು, ಒಂದೇ ಅವಧಿಗೆ ಬೇರೆಯಾಗುವುದೂ ಉಂಟು. ಟೋಂಗಾದ ಹುಡುಗನಿಗೆ ಐಡಾಹೊದ ರೈತನ ಮಗ ಜೊತೆ, ತೈವಾನಿನವನಿಗೆ ಬ್ರೆಜಿಲಿನವನು. ಒಬ್ಬನಿಗೆ ಫ್ಯಾನಿಲ್ಲದೆ ನಿದ್ದೆ ಬಾರದು, ಇನ್ನೊಬ್ಬ ತಟ್ಟೆ ತೊಳೆಯದೆ ಬಿಡುತ್ತಾನೆ. ಒಬ್ಬ ಅಪ್ಪನ ಒತ್ತಾಯಕ್ಕೆ ಬಂದಿರುತ್ತಾನೆ, ಇನ್ನೊಬ್ಬ ವರ್ಷಗಟ್ಟಲೆ ಹಣ ಕೂಡಿಟ್ಟು ಬಂದಿರುತ್ತಾನೆ.

ಹೊಸಬನನ್ನು ‘ಗ್ರೀನಿ’ ಎನ್ನುತ್ತಾರೆ. ಅವನಿಗೆ ಮೊದಲ ಹನ್ನೆರಡು ವಾರ ‘ಟ್ರೇನರ್’ ಒಬ್ಬನ ಜೊತೆ. ವಯಸ್ಸಿನಲ್ಲಿ ಅವನೂ ಇಪ್ಪತ್ತರೊಳಗೇ, ಆದರೆ ಭಾಷೆ ಬಲ್ಲವನು. ಅಂಗಡಿಯವನ ಮಾತು ಅರ್ಥವಾಗದೆ ಹೊಸಬ ಪೆಚ್ಚಾಗಿ ನಿಂತಾಗ ಪಕ್ಕದಿಂದ ಉತ್ತರ ಕೊಡುವವನು ಅವನೇ. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು ಪರಸ್ಪರ ಇಷ್ಟವಾದದ್ದು, ಬೇಸರವಾದದ್ದು ಹೇಳಿಕೊಳ್ಳಬೇಕೆಂಬ ಕ್ರಮವಿದೆ. ಮನೆಯಲ್ಲಿ ಕೋಪ ಬಂದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ ಹುಡುಗರು ಇಲ್ಲಿ ಬಾಯಿಬಿಟ್ಟು ಮಾತಾಡಿ ಮುಗಿಸಬೇಕು. ಮರಳಿದವರನ್ನು ಕೇಳಿದರೆ ಮತಪ್ರಚಾರಕ್ಕಿಂತ ಕಷ್ಟದ್ದು ಇದೇ ಎನ್ನುವವರು ಬಹಳ ಮಂದಿ.

ಇವರ ಮೇಲೆ ಡಿಸ್ಟ್ರಿಕ್ಟ್ ಲೀಡರ್, ಜೋನ್ ಲೀಡರ್ ಎಂಬ ಹಂತಗಳಿವೆ, ಅವರೂ ಮಿಷನರಿ ಹುಡುಗರೇ. ಹುಡುಗಿಯರಿಗೆ ಹುಡುಗಿಯರದೇ ನಾಯಕತ್ವ ಬೇರೆ. ದೊಡ್ಡವರೆಂದರೆ ಮೂರು ವರ್ಷದ ಅವಧಿಗೆ ಬಂದಿರುವ ಮಿಷನ್ ಅಧ್ಯಕ್ಷ ಮತ್ತು ಅವರ ಪತ್ನಿ, ಹಾಗೂ ನಿವೃತ್ತಿಯ ನಂತರ ಸೇವೆಗೆ ಬಂದ ಕೆಲವು ವಯಸ್ಸಾದ ದಂಪತಿ. ನೂರೈವತ್ತು ಇನ್ನೂರು ಎಳೆಯರಿಗೆ ಆ ದಂಪತಿಯೇ ತಾಯಿ ತಂದೆ. ಅವರ ಸ್ವಭಾವ ಹೇಗೋ ಆ ಮಿಷನ್ನಿನ ಹವೆಯೂ ಹಾಗೆ.

ಚಹಾ ಬೇಡವೆನ್ನುವ ಕಷ್ಟ, ಮತ್ತಿತರ ನಿಯಮಗಳು

ಮದ್ಯ, ತಂಬಾಕು, ಕಾಫಿ, ಚಹಾ ಈ ಸಭೆಯ ಎಲ್ಲರಿಗೂ ನಿಷಿದ್ಧ. ಅಮೆರಿಕದಲ್ಲಿ ಇದು ತೊಡಕಲ್ಲ. ಬಂದವರಿಗೆ ಮೊದಲು ಚಹಾ ಬಟ್ಟಲು ಕೊಡುವ ತೈವಾನಿನಲ್ಲಿ, ಅಥವಾ ನಮ್ಮಲ್ಲಿ, ಬೇಡವೆಂದರೆ ಮನೆಯವರ ಮನಸ್ಸಿಗೆ ಚುಚ್ಚುತ್ತದೆ. ಆದ್ದರಿಂದ ನಯವಾಗಿ ನೀರು ಕೇಳುವುದನ್ನು ಮಿಷನರಿಗಳು ಮೊದಲೇ ಕಲಿಯುತ್ತಾರೆ.

ಪ್ರೇಮ ಸಲ್ಲಾಪ, ಸಿನಿಮಾ, ಟೀವಿ, ಈಜು ಇಲ್ಲ. ಹಾಡು ಕೇಳುವುದಕ್ಕೂ ಮಿತಿ. ಉಡುಪಿನ ನಿಯಮ ಕಾಲಕ್ಕೆ ತಕ್ಕಂತೆ ಬದಲಾಗಿದೆ: 2018ರ ಕೊನೆಯಿಂದ ಹುಡುಗಿಯರು ಪ್ಯಾಂಟ್ ತೊಡಬಹುದು, ಸೈಕಲ್ ತುಳಿಯುವವರಿಗೂ ಸೊಳ್ಳೆ ಕಾಟದ ನಾಡಿನಲ್ಲಿರುವವರಿಗೂ ಅದರ ಅಗತ್ಯ ಬಹಳವಿತ್ತು. 2020ರಿಂದ ಹಲವೆಡೆ ಹುಡುಗರಿಗೆ ತಿಳಿನೀಲಿ ಅಂಗಿಯೂ ಆದೀತು.

ಬಿಡುವಿನ ದಿನ ಮತ್ತು ಮನೆಗೆ ಫೋನು

ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ‘ಪಿ-ಡೇ’. ಬಟ್ಟೆ ಒಗೆಯುವುದು, ಕ್ಷೌರ, ವಾರದ ದಿನಸಿ, ಸೈಕಲ್ ರಿಪೇರಿ. ಸಮಯ ಉಳಿದರೆ ಬ್ಯಾಸ್ಕೆಟ್‌ಬಾಲ್ ಆಟವೋ ಊರ ಹತ್ತಿರದ ಬೆಟ್ಟವೋ. ಸಂಜೆ ಮತ್ತೆ ಕೆಲಸ.

ಆ ದಿನದ ದೊಡ್ಡ ಆಕರ್ಷಣೆ ಮನೆಯವರ ಸುದ್ದಿ. ಹಿಂದೆ ಪತ್ರ, ಆಮೇಲೆ ವಾರಕ್ಕೊಂದು ಇಮೇಲ್. ದನಿ ಕೇಳಬೇಕೆಂದರೆ ಕ್ರಿಸ್‌ಮಸ್‌ಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ, ವರ್ಷಕ್ಕೆ ಎರಡೇ ಸಲ. ಈ ಕಟ್ಟಳೆ 2019ರ ಫೆಬ್ರುವರಿಯಲ್ಲಿ ಬಿದ್ದುಹೋಯಿತು, ಈಗ ವಾರವಾರ ಫೋನು ಅಥವಾ ವಿಡಿಯೊ ಕರೆ ಮಾಡಬಹುದು. ದೂರವಿದ್ದಷ್ಟೂ ಗಮನ ಕೆಲಸದ ಮೇಲಿರುತ್ತದೆ ಎಂಬ ಹಳೆಯ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಅಮ್ಮನ ದನಿ ಕೇಳಲು ಆರು ತಿಂಗಳು ಕಾಯಿಸುವುದು ಹದಿನೆಂಟರ ಮಕ್ಕಳ ಮೇಲೆ ಹೊರಿಸಬೇಕಾದ ಹೊರೆಯಾಗಿರಲಿಲ್ಲ. ಬದಲಾವಣೆ ತಡವಾಗಿಯಾದರೂ ಬಂತು.

ಖರ್ಚು ಯಾರದು?

ಮಿಷನರಿಗೆ ಸಂಬಳವಿಲ್ಲ, ಮೇಲಾಗಿ ಖರ್ಚು ಅವನದೇ. ಹಿಂದೆ ಯಾವ ಊರೋ ಆ ಊರಿನ ಖರ್ಚನ್ನು ಮನೆಯವರು ಕಳಿಸಬೇಕಿತ್ತು. ಮಗ ಜಪಾನಿಗೆ ಹೋದರೆ ಕುಟುಂಬ ಹೈರಾಣ, ಅಗ್ಗದ ಊರು ಸಿಕ್ಕಿದವರಿಗೆ ನಿರಾಳ. 1991ರಿಂದ ಇದನ್ನು ಸರಿಗೂಡಿಸಿ, ಎಲ್ಲರೂ ಒಂದೇ ಮೊತ್ತ ಕಟ್ಟುವ ಕ್ರಮ ತಂದರು. ಅಮೆರಿಕ, ಕೆನಡಾದಂಥ ದೇಶಗಳವರಿಗೆ ಅದು 2020ರ ಜುಲೈಯಲ್ಲಿ ತಿಂಗಳಿಗೆ 400 ಡಾಲರಿನಿಂದ 500ಕ್ಕೆ ಏರಿತು. ಬಡ ದೇಶಗಳಿಂದ ಬರುವವರು ತಮ್ಮ ಶಕ್ತಿಗೆ ತಕ್ಕಷ್ಟು ಕೊಡುತ್ತಾರೆ, ಉಳಿದದ್ದನ್ನು ಸಭೆಯ ನಿಧಿ ತುಂಬುತ್ತದೆ. ಬಾಡಿಗೆ, ಊಟ, ಓಡಾಟಕ್ಕೆ ಬೇಕಾದಷ್ಟು ಹಣ ಮಿಷನ್ನಿನಿಂದ ತಿಂಗಳು ತಿಂಗಳು ಬರುತ್ತದೆ. ಹುಲ್ಲು ಕತ್ತರಿಸಿ, ಹೋಟೆಲಿನಲ್ಲಿ ತಟ್ಟೆ ತೊಳೆದು ಹೈಸ್ಕೂಲಿನಿಂದಲೇ ಮಿಷನ್ ಹಣ ಕೂಡಿಡುವ ಹುಡುಗರು ಯೂಟಾದಲ್ಲಿ ಸಾಮಾನ್ಯ.

ಮನಸ್ಸಿನ ಭಾರ, ದೇಹದ ಅಪಾಯ

ಮೊದಲ ಕೆಲವು ತಿಂಗಳು ಎಲ್ಲರಿಗೂ ಕಷ್ಟವೇ. ಕೆಲವರಿಗೆ ಅದು ಕಳೆಯುವುದಿಲ್ಲ. ನಿದ್ದೆ ಹೋಗುತ್ತದೆ, ಬಾಗಿಲು ತಟ್ಟುವ ಯೋಚನೆಗೇ ಹೊಟ್ಟೆ ತೊಳಸುತ್ತದೆ, ತನ್ನ ಶ್ರದ್ಧೆ ಸಾಲದೆಂಬ ಅಪರಾಧಿ ಭಾವ ಕಾಡುತ್ತದೆ. ವಯಸ್ಸು ಇಳಿದ ಹೊಸತರಲ್ಲೇ, 2013ರಲ್ಲಿ, ಸಭೆ ಮಿಷನರಿಗಳ ಕೈಗೊಂದು ಪುಸ್ತಿಕೆ ಕೊಟ್ಟಿತು. ಒತ್ತಡವನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಹಂತ ಮಾಡಿ, ಯಾವ ಹಂತದಲ್ಲಿ ಏನು ಮಾಡಬೇಕು, ಯಾವಾಗ ಮಿಷನ್ ಅಧ್ಯಕ್ಷರಿಗೆ ಹೇಳಲೇಬೇಕು ಎಂಬುದನ್ನು ಅದು ವಿವರಿಸುತ್ತದೆ. ಪ್ರಾರ್ಥನೆಯೊಂದೇ ಔಷಧವೆನ್ನದೆ ವೈದ್ಯರ ನೆರವನ್ನೂ ಹೆಸರಿಸಿದ್ದು ಅದರ ಹೆಚ್ಚುಗಾರಿಕೆ.

ಅವಧಿಗೆ ಮುಂಚೆ ಮರಳುವವರ ಪಾಡು ಇನ್ನೂ ನೋವಿನದು. ಎರಡು ವರ್ಷ ಪೂರೈಸಿದವನನ್ನು ವಿಮಾನ ನಿಲ್ದಾಣದಲ್ಲಿ ಬಲೂನು, ಬ್ಯಾನರ್ ಹಿಡಿದು ಎದುರುಗೊಳ್ಳುವ ಊರಿನಲ್ಲಿ ನಾಲ್ಕೇ ತಿಂಗಳಿಗೆ ಬಂದವನ ಮುಖ ನೋಡಿ ಏನು ಮಾತಾಡಬೇಕೆಂದು ನೆರೆಯವರಿಗೆ ತಿಳಿಯುವುದಿಲ್ಲ. ಇಂಥವರು ಮನೆಯಲ್ಲಿದ್ದುಕೊಂಡೇ ಆಸ್ಪತ್ರೆ, ಆಹಾರ ಭಂಡಾರ ಮೊದಲಾದ ಕಡೆ ದುಡಿದು ತಮ್ಮ ಅವಧಿ ಪೂರೈಸುವ ‘ಸೇವಾ ಮಿಷನ್’ ದಾರಿಯನ್ನು ಈಚಿನ ವರ್ಷಗಳಲ್ಲಿ ಅಗಲಗೊಳಿಸಿದ್ದಾರೆ.

ರಸ್ತೆ ಅಪಘಾತದ ಭಯ ಎಲ್ಲ ನಾಡಿನಲ್ಲೂ ಇದ್ದದ್ದೇ. ಮುಂದೆ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಮಿಟ್ ರಾಮ್ನಿ 1968ರ ಜೂನಿನಲ್ಲಿ ಫ್ರಾನ್ಸಿನಲ್ಲಿ ಮಿಷನರಿಯಾಗಿದ್ದಾಗ ಅವರು ಓಡಿಸುತ್ತಿದ್ದ ಕಾರಿಗೆ ಎದುರಿನಿಂದ ಬಂದ ವಾಹನ ಅಪ್ಪಳಿಸಿತು. ಜೊತೆಗಿದ್ದ ಮಿಷನ್ ಅಧ್ಯಕ್ಷರ ಪತ್ನಿ ತೀರಿಕೊಂಡರು, ರಾಮ್ನಿ ತೀವ್ರವಾಗಿ ಗಾಯಗೊಂಡರು. 2020ರ ಮಾರ್ಚಿನಲ್ಲಿ ಕೋವಿಡ್ ಹರಡಿದಾಗ ಹತ್ತಾರು ಸಾವಿರ ಮಿಷನರಿಗಳನ್ನು ಕೆಲವೇ ವಾರಗಳಲ್ಲಿ ಅವರವರ ದೇಶಕ್ಕೆ ವಾಪಸು ಕರೆಸಬೇಕಾಯಿತು.

ಪ್ರಚಾರದ ಹಕ್ಕು, ದೇಶಗಳ ಕಾನೂನು

ಮತಪ್ರಚಾರಕ್ಕೆ ಎಲ್ಲ ದೇಶಗಳೂ ಬಾಗಿಲು ತೆರೆದಿಲ್ಲ. ಚೀನಾದ ಮುಖ್ಯಭೂಮಿಯಲ್ಲಿ ಈ ಸಭೆಯ ಪ್ರಚಾರಕರಿಲ್ಲ. ಇಸ್ರೇಲಿನಲ್ಲಿ ಪ್ರಚಾರ ಮಾಡುವುದಿಲ್ಲವೆಂದು ಸಭೆಯೇ ಮಾತು ಕೊಟ್ಟಿದೆ. ರಷ್ಯಾದಲ್ಲಿ 2016ರ ಕಾನೂನು ಪ್ರಾರ್ಥನಾ ಸ್ಥಳಗಳ ಹೊರಗೆ ಪ್ರಚಾರವನ್ನು ನಿರ್ಬಂಧಿಸಿದಾಗ ಅಲ್ಲಿದ್ದವರನ್ನು ಮಿಷನರಿಗಳೆನ್ನದೆ ಸ್ವಯಂಸೇವಕರೆಂದು ಕರೆದು, ಬೀದಿಯಲ್ಲಿ ಧರ್ಮದ ಮಾತೆತ್ತದಂತೆ ನಿಲ್ಲಿಸಿಕೊಂಡರು.

ಭಾರತದ ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ವಿದೇಶಿ ಪ್ರಚಾರಕರಿಗೆ ನಮ್ಮಲ್ಲಿ ಮಿಷನರಿ ವೀಸಾ ಎಂಬ ಬೇರೆಯೇ ವರ್ಗವಿದೆ. ಪ್ರವಾಸಿ ವೀಸಾದಲ್ಲಿ ಬಂದು ಪ್ರಚಾರಕ್ಕಿಳಿಯುವಂತಿಲ್ಲ.

ಬೆಂಗಳೂರಿನ ನಂಟು

ಈ ಸಭೆಯವರು ಭಾರತಕ್ಕೆ ಮೊದಲು ಬಂದದ್ದು 1850ರ ದಶಕದಲ್ಲಿ. ಕಲ್ಕತ್ತೆಯಲ್ಲೂ ಮುಂಬಯಿ ಪ್ರಾಂತದಲ್ಲೂ ಕೆಲವು ವರ್ಷ ಅಲೆದು, ಬೆರಳೆಣಿಕೆಯಷ್ಟು ಜನರನ್ನು ಸೇರಿಸಿಕೊಂಡು ಮರಳಿದರು. ಆಮೇಲೆ ಶತಮಾನಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. 1978ರಲ್ಲಿ ಸಮೋವಾದಲ್ಲಿ ಕೀಟವಿಜ್ಞಾನಿಯಾಗಿದ್ದ ಎಡ್ವಿನ್ ಧರ್ಮರಾಜು ಮತ್ತು ಅವರ ಪತ್ನಿ ಎಲ್ಸಿ ಹೈದರಾಬಾದಿಗೆ ಅಲ್ಪಾವಧಿಯ ಮಿಷನರಿಗಳಾಗಿ ಬಂದರು, ಅವರ ಬಂಧುಗಳೇ ಅಲ್ಲಿನ ಸಭೆಗೆ ಬುನಾದಿಯಾದರು. 1993ರ ಜನವರಿಯಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತದ ಮೊದಲ ಮಿಷನ್ ಶುರುವಾಯಿತು. ಭಾರತದ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲಿನಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಘೋಷಿಸಿದರು. 2020ರ ಡಿಸೆಂಬರಿನಲ್ಲಿ ಅದರ ಭೂಮಿಪೂಜೆಯಂಥ ವಿಧಿ ನಡೆಯಿತು.

ಇಲ್ಲಿ ಕಾಣುವ ಮಿಷನರಿಗಳಲ್ಲಿ ಬಹುಪಾಲು ಭಾರತೀಯರೇ. ವಿಶಾಖಪಟ್ಟಣದ ಹುಡುಗಿಯೊಬ್ಬಳು ಬೆಂಗಳೂರಿಗೆ ನಿಯುಕ್ತಳಾದರೆ ದೇಶ ತನ್ನದೇ, ಬೀದಿಯ ಮಾತು ಬೇರೆ. ಮನೆ ಮಾಲೀಕರೊಡನೆ, ತರಕಾರಿಯವರೊಡನೆ, ಬಸ್ ಕಂಡಕ್ಟರೊಡನೆ ಅವಳೂ ಭಾಷೆಯನ್ನು ಮೊದಲಿನಿಂದ ಕಲಿಯಬೇಕು.

ಮರಳಿದ ಮೇಲೆ

ಬಿಲ್ಲೆ ತೆಗೆದಿಟ್ಟ ಮರುದಿನದಿಂದ ಹುಡುಗ ಒಬ್ಬನೇ ರಸ್ತೆಗಿಳಿಯಬೇಕು. ಎರಡು ವರ್ಷ ಜೊತೆಗಾರನಿಲ್ಲದೆ ಹೆಜ್ಜೆಯಿಡದವನಿಗೆ ಅಂಗಡಿಗೆ ಒಂಟಿಯಾಗಿ ಹೋಗುವುದೂ ಹೊಸದು. ದಿನದ ಪ್ರತಿ ಗಂಟೆಗೂ ಕೆಲಸವಿದ್ದವನಿಗೆ ಖಾಲಿ ಮಧ್ಯಾಹ್ನ ಭಯ ಹುಟ್ಟಿಸುತ್ತದೆ. ಕಾಲೇಜು, ಉದ್ಯೋಗ, ಮದುವೆಯ ಮಾತು ಒಟ್ಟಿಗೇ ಶುರುವಾಗುತ್ತವೆ. ಕೆಲವರು ಅಲ್ಲಿಯೇ ನಂಬಿಕೆಯನ್ನು ಗಟ್ಟಿ ಮಾಡಿಕೊಂಡು ಬಂದಿರುತ್ತಾರೆ. ಕೆಲವರು ಮುಂದೆ ಸಭೆಯನ್ನೇ ಬಿಡುತ್ತಾರೆ. ಬಿಟ್ಟವರೂ ತಾವಿದ್ದ ನಾಡಿನ ನಂಟನ್ನು ಬಿಡುವುದಿಲ್ಲ.

ಭಾಷೆ ಬಹುಕಾಲ ಉಳಿಯುತ್ತದೆ. ತೈವಾನಿನಲ್ಲಿ ಮಿಷನರಿಯಾಗಿ ಚೀನೀ ಕಲಿತ ಜಾನ್ ಹಂಟ್ಸ್‌ಮನ್ 2009ರಿಂದ 2011ರವರೆಗೆ ಬೀಜಿಂಗಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಪೋರ್ಚುಗೀಸ್, ಕೊರಿಯನ್, ಟಾಗಲಾಗ್ ಮಾತಾಡುವ ಅಮೆರಿಕನ್ ವಿದ್ಯಾರ್ಥಿಗಳು ದಂಡಿಯಾಗಿ ಸಿಗುತ್ತಾರೆ, ಅದಕ್ಕೆಂದೇ ಬಹುರಾಷ್ಟ್ರೀಯ ಕಂಪನಿಗಳೂ ಸರ್ಕಾರದ ಇಲಾಖೆಗಳೂ ಅಲ್ಲಿಗೆ ಬಂದು ಕೆಲಸಕ್ಕೆ ಆರಿಸಿಕೊಳ್ಳುತ್ತವೆ. ಪ್ರೊವೊದ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಚೀನೀ ಹೇಳಿಕೊಡಲು ಹೋಗುವವರೂ ಇದೇ ವಿದ್ಯಾರ್ಥಿಗಳು. ಗಂಟೆಯ ಲೆಕ್ಕದಲ್ಲಿ ಸಂಬಳ ಸಿಗುವ ಆ ಅರೆಕಾಲಿಕ ಕೆಲಸದಿಂದ ಎಷ್ಟೋ ಮಂದಿ ಕಾಲೇಜಿನ ಖರ್ಚು ತೂಗಿಸುತ್ತಾರೆ.